ಕ್ಯಾಬಿನ್ ಫಿಲ್ಟರ್ ಕೂರಿಸುವಾಗ ಬಾಣದ ಗುರುತು ಮೇಲಕ್ಕಿರಬೇಕೋ ಕೆಳಕ್ಕಿರಬೇಕೋ?

ಪ್ರಶ್ನೆ

ಕಾರು ಶೆಡ್ಡಿನಲ್ಲಿ ನಿಂತಿದೆ. ಗ್ಲೋವ್ ಬಾಕ್ಸ್ ಬಿಚ್ಚಿ ಹಿಂದಿನ ಸೀಟಿನ ಮೇಲಿಟ್ಟಿದ್ದೇನೆ. ಕಾರಿನೊಳಗೆ ಬರುವ ಗಾಳಿಯನ್ನು ಶೋಧಿಸುವ ಹಳೆಯ ಕ್ಯಾಬಿನ್ ಫಿಲ್ಟರನ್ನು ನೆಲದ ಮೇಲೆ ದಿನಪತ್ರಿಕೆ ಹಾಸಿ ಇರಿಸಿದ್ದೇನೆ. ಹೊಸದನ್ನು ಕೂರಿಸುವ ಮುಂಚೆ ತಿಳಿದವರನ್ನು ಒಮ್ಮೆ ಕೇಳಿಬಿಡೋಣ ಎಂದು ಬರೆಯುತ್ತಿದ್ದೇನೆ.

ನನ್ನ ಅಮ್ಮನಿಗೆ 71 ವರ್ಷ, ಆಸ್ತಮಾ ಇದೆ. ವಾರಕ್ಕೆ ಎರಡು ಸಲ ಅವರನ್ನು ಚಿಕಿತ್ಸೆಗೆ ಕರೆದುಕೊಂಡು ಹೋಗುವವನು ನಾನು. ದಾರಿ ಮುಕ್ಕಾಲು ಗಂಟೆಯದು. ಒಂದು ತಿಂಗಳಿಂದ ಗಮನಿಸುತ್ತಿದ್ದೇನೆ, ಕಾರು ಹೊರಟು ಐದು ನಿಮಿಷ ಆಗುವಷ್ಟರಲ್ಲಿ ಅವರಿಗೆ ಕೆಮ್ಮು ಶುರುವಾಗುತ್ತದೆ. "ಸ್ವಲ್ಪ ಕಿಟಕಿ ಇಳಿಸಪ್ಪಾ" ಎನ್ನುತ್ತಾರೆ. ಇಳಿಸಿದರೆ ಮುಂದಿನ ಲಾರಿಯ ಹೊಗೆ ನೇರ ಒಳಗೆ ಬರುತ್ತದೆ, ಕೆಮ್ಮು ಇನ್ನೂ ಹೆಚ್ಚುತ್ತದೆ. ಏರಿಸಿದರೆ ಉಸಿರು ಕಟ್ಟಿದಂತಾಗುತ್ತದೆ ಎನ್ನುತ್ತಾರೆ. ಫ್ಯಾನನ್ನು ನಾಲ್ಕಕ್ಕೆ ಇಟ್ಟರೂ ಮೊದಲು ಎರಡರಲ್ಲಿ ಬರುತ್ತಿದ್ದಷ್ಟು ಗಾಳಿ ಬರುವುದಿಲ್ಲ, ಸದ್ದು ಮಾತ್ರ ನಾಲ್ಕರದ್ದೇ. ಎ.ಸಿ. ಹಾಕಿದ ಮೊದಲ ಒಂದೆರಡು ನಿಮಿಷ ಒದ್ದೆ ಗೋಣಿಚೀಲದಂಥ ಮುಗ್ಗಲು ವಾಸನೆ ಬರುತ್ತದೆ.

ಆರು ತಿಂಗಳ ಹಿಂದೆ ಕಾರನ್ನು ಸರ್ವಿಸ್‌ಗೆ ಬಿಟ್ಟಿದ್ದೆ. ಎಲ್ಲಿ ಎಂದು ಹೇಳುವುದಿಲ್ಲ. ಬಿಲ್ಲಿನಲ್ಲಿ ಕ್ಯಾಬಿನ್ ಫಿಲ್ಟರ್ ಬದಲಿಸಿದ್ದಾಗಿ ಬರೆದು ಹಣವನ್ನೂ ತೆಗೆದುಕೊಂಡಿದ್ದಾರೆ. ನಾನು ನಂಬಿದ್ದೆ. ಇವತ್ತು ಕಾರಿನ ಕೈಪಿಡಿ ತೆರೆದು, ಅದರಲ್ಲಿ ಹೇಳಿದಂತೆ ಗ್ಲೋವ್ ಬಾಕ್ಸ್ ಇಳಿಸಿ, ಫಿಲ್ಟರನ್ನು ಎಳೆದು ನೋಡಿದರೆ ಆರು ತಿಂಗಳಲ್ಲ, ಆರು ವರ್ಷದ ಕಸ ಕೂತಂತಿದೆ. ಒಂದು ಕಾಲದಲ್ಲಿ ಬಿಳಿಯಾಗಿದ್ದಿರಬಹುದಾದ ಹಾಳೆ ಈಗ ಒಲೆಯ ಬೂದಿಯ ಬಣ್ಣಕ್ಕೆ ತಿರುಗಿದೆ. ನೆರಿಗೆಗಳ ಸಂದಿಯಲ್ಲಿ ಒಣಗಿದ ಎಲೆಯ ಚೂರು, ರೆಕ್ಕೆಯಿರುವ ಯಾವುದೋ ಬೀಜ, ಒಂದು ಪತಂಗದ ರೆಕ್ಕೆ, ಒಂದು ಹಕ್ಕಿ ಗರಿ. ಅಮ್ಮ ಇದರ ಮೂಲಕ ಬಂದ ಗಾಳಿಯನ್ನು ಉಸಿರಾಡಿದ್ದಾರೆ ಎಂದು ನೆನೆದರೆ ಹೊಟ್ಟೆ ತೊಳಸುತ್ತದೆ. ಇನ್ನು ಮುಂದೆ ಈ ಒಂದು ಕೆಲಸವನ್ನು ಬೇರೆಯವರ ಕೈಗೆ ಕೊಡುವುದಿಲ್ಲ ಎಂದು ನಿರ್ಧರಿಸಿದ್ದೇನೆ.

ಈಗ ನನ್ನ ತೊಡಕು. ಹಳೆಯ ಫಿಲ್ಟರಿನ ಅಂಚಿನಲ್ಲಿ ಒಂದು ಬಾಣವಿದೆ. ತೆಗೆಯುವಾಗ ಅದು ಮೇಲ್ಮುಖವಾಗಿತ್ತು, ಮರೆಯಬಾರದೆಂದು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟಿದ್ದೇನೆ. ಹೊಸದರ ಮೇಲೂ ಬಾಣವಿದೆ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ 'ಏರ್ ಫ್ಲೋ' ಎಂದು ಅಚ್ಚಾಗಿದೆ. ಹಳೆಯದರಂತೆ ಮೇಲಕ್ಕೆ ಇಡಲೇ? ಹಳೆಯದನ್ನು ಕೂರಿಸಿದವರೇ ತಪ್ಪು ಮಾಡಿದ್ದರೆ ಅದೇ ತಪ್ಪನ್ನು ನಾನೂ ಮಾಡಿದಂತಾಗುತ್ತದೆ. ಕೈಪಿಡಿಯಲ್ಲಿ ಬಾಣದ ಬಗ್ಗೆ ಒಂದು ಸಾಲೂ ಇಲ್ಲ.

ಇನ್ನೂ ಎರಡು ವಿಷಯಗಳಿವೆ. ಫಿಲ್ಟರ್ ತೆಗೆದ ಮೇಲೆ ಗಾಳಿ ಎಷ್ಟು ಬರುತ್ತದೆ ನೋಡೋಣ ಎಂದು ಒಂದು ನಿಮಿಷ ಫ್ಯಾನ್ ಹಾಕಿದೆ. ಗಾಳಿ ಜೋರಾಗಿಯೇ ಬಂತು, ಆದರೆ ಒಳಗಿನಿಂದ ಟಕಟಕ ಸದ್ದು ಶುರುವಾಯಿತು. ಮೊದಲು ಇರಲಿಲ್ಲ. ಮತ್ತೆ, ಫಿಲ್ಟರ್ ಕೂರುವ ಗೂಡಿನ ಮೂಲೆಯಲ್ಲಿ ಉದ್ದುದ್ದನೆಯ ಮೂರು ನಾಲ್ಕು ಕಪ್ಪು ಕಾಳುಗಳು ಬಿದ್ದಿವೆ. ಇಲಿಯ ಹಿಕ್ಕೆಯೇ ಇರಬೇಕು. ವ್ಯಾಕ್ಯೂಮ್ ಕ್ಲೀನರ್ ಹಿಡಿದು ಎಳೆದುಬಿಡಲೇ?

ನಾಡಿದ್ದು ಬೆಳಿಗ್ಗೆ ಅಮ್ಮನನ್ನು ಕರೆದುಕೊಂಡು ಹೋಗಬೇಕು. ಅಷ್ಟರೊಳಗೆ ಸರಿಮಾಡಬೇಕೆಂಬುದು ನನ್ನ ಆಸೆ.

ಉತ್ತರ 1

ಮೊದಲು ಫ್ಯಾನ್ ಹಾಕುವುದನ್ನು ನಿಲ್ಲಿಸಿ. ಫಿಲ್ಟರ್ ಇಲ್ಲದೆ ಫ್ಯಾನ್ ತಿರುಗಿದರೆ ಗೂಡಿನಲ್ಲಿ ಉದುರಿದ್ದ ಕಸ ನೇರವಾಗಿ ಬ್ಲೋವರಿಗೆ, ಅಂದರೆ ಗಾಳಿ ತಳ್ಳುವ ಫ್ಯಾನಿನ ಚಕ್ರಕ್ಕೆ, ಹೋಗುತ್ತದೆ. ನನ್ನ ಕಾರಿನಲ್ಲೂ ಹೀಗೆಯೇ ಆಗಿತ್ತು. ಹೊಸ ಫಿಲ್ಟರ್ ಕೈಗೆ ಬರಲು ಎರಡು ದಿನ ತಡವಾಯಿತು ಎಂದು ಖಾಲಿ ಗೂಡಿನಲ್ಲೇ ಓಡಿಸಿದೆ. ಒಂದು ಎಲೆಯ ತೊಟ್ಟು ಬ್ಲೋವರಿನ ಚಕ್ರದಲ್ಲಿ ಸಿಕ್ಕಿಕೊಂಡು ಸೈಕಲ್ ಚಕ್ರಕ್ಕೆ ರಟ್ಟು ಕಟ್ಟಿದಂತೆ ಸದ್ದು ಮಾಡಿತು. ನಿಮ್ಮ ಟಕಟಕವೂ ಅದೇ ಇರಬೇಕು. ಮೋಟಾರು ಕೆಟ್ಟಿದೆ ಎಂದು ಗಾಬರಿಯಾಗಬೇಡಿ.

ಬಾಣದ ವಿಷಯ ನನಗೆ ಖಚಿತವಾಗಿ ಹೇಳಲು ಬಾರದು, ತಿಳಿದವರು ಹೇಳಲಿ.

ಉತ್ತರ 2

ಇಪ್ಪತ್ತೆರಡು ವರ್ಷ ಕಾರಿನ ಎ.ಸಿ. ಕೆಲಸ ಮಾಡಿದ್ದೇನೆ, ಈಗ ಕಣ್ಣು ಮಂಜಾಗಿದೆ ಎಂದು ಬಿಟ್ಟಿದ್ದೇನೆ. ನಿಮ್ಮ ಪ್ರಶ್ನೆ ಓದಿ ಸಂತೋಷವಾಯಿತು. ಬಾಣವನ್ನು ನೋಡಿ ಅನುಮಾನಪಟ್ಟು ಕೈ ನಿಲ್ಲಿಸಿದಿರಲ್ಲ, ಎಷ್ಟೋ ಮಂದಿ ಕೆಲಸಗಾರರು ಅದನ್ನು ಮಾಡುವುದಿಲ್ಲ.

ಬಾಣಕ್ಕೆ ಉತ್ತರ ನಿಮ್ಮ ಕಣ್ಣ ಮುಂದೆಯೇ ಇದೆ. ಪತ್ರಿಕೆಯ ಮೇಲಿಟ್ಟ ಹಳೆಯ ಫಿಲ್ಟರನ್ನು ಎತ್ತಿ ಎರಡೂ ಬದಿ ನೋಡಿ. ಎಲೆ, ಬೀಜ, ಗರಿ ಎಲ್ಲ ಯಾವ ಬದಿಯಲ್ಲಿವೆ? ಗಾಳಿ ಬಂದದ್ದು ಆ ಬದಿಯಿಂದ. ಇನ್ನೊಂದು ಬದಿ ಹೋಲಿಸಿದರೆ ಬೆಳ್ಳಗಿರುತ್ತದೆ, ಗಾಳಿ ಹೊರಟದ್ದು ಅಲ್ಲಿಂದ. ಕೊಳೆಯಿಂದ ಬಿಳುಪಿನ ಕಡೆಗೆ ಒಂದು ಗೆರೆ ಎಳೆದರೆ ಅದೇ ನಿಮ್ಮ ಕಾರಿನಲ್ಲಿ ಗಾಳಿ ಹರಿಯುವ ದಿಕ್ಕು. ಯಾರು ಹೇಗೆ ಕೂರಿಸಿದ್ದರೂ ಗಾಳಿಯ ದಿಕ್ಕು ಬದಲಾಗುವುದಿಲ್ಲ, ಆದ್ದರಿಂದ ಕೊಳೆ ಸುಳ್ಳು ಹೇಳುವುದಿಲ್ಲ. ಹೊಸದರಲ್ಲಿ 'ಏರ್ ಫ್ಲೋ' ಬಾಣ ಆ ದಿಕ್ಕಿಗೇ ಇರಬೇಕು.

ಇನ್ನು ಹಳೆಯದರ ಬಾಣದ ಪಕ್ಕ ಏನು ಬರೆದಿದೆ ಎಂದು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಕೆಲವು ಫಿಲ್ಟರುಗಳ ಮೇಲೆ ಬಾಣದ ಜೊತೆ 'ಅಪ್' ಎಂದಿರುತ್ತದೆ. ಆ ಬಾಣ ಗಾಳಿಯ ದಿಕ್ಕನ್ನು ಹೇಳುವುದೇ ಇಲ್ಲ, ಈ ಅಂಚು ಮೇಲಿರಲಿ ಎಂದಷ್ಟೇ ಹೇಳುತ್ತದೆ. ಗಾಳಿ ಮೇಲಿನಿಂದ ಕೆಳಗೆ ಹೋಗುವ ಕಾರಿನಲ್ಲಿ 'ಅಪ್' ಬಾಣ ಮೇಲಕ್ಕೂ 'ಏರ್ ಫ್ಲೋ' ಬಾಣ ಕೆಳಕ್ಕೂ ಇರುತ್ತದೆ, ಎರಡೂ ಸರಿಯೇ. ಬಾಣವನ್ನಷ್ಟೇ ನೋಡಿ ಅಕ್ಷರವನ್ನು ಬಿಟ್ಟವರು ಇಲ್ಲಿ ಎಡವುತ್ತಾರೆ.

ಹಳೆಯ ಫಿಲ್ಟರ್ ಎರಡೂ ಬದಿ ಒಂದೇ ರೀತಿ ಕಪ್ಪಾಗಿದ್ದರೆ ಇನ್ನೊಂದು ದಾರಿಯಿದೆ. ಟಾರ್ಚ್ ಹಿಡಿದು ಗೂಡಿನೊಳಗೆ ನೋಡಿ, ಅಳಿಲಿನ ಪಂಜರದಂತೆ ಸುತ್ತ ಸಣ್ಣ ರೆಕ್ಕೆಗಳಿರುವ ಬ್ಲೋವರ್ ಚಕ್ರ ಫಿಲ್ಟರಿನ ಯಾವ ಬದಿಗಿದೆ ಎಂದು ಗುರುತಿಸಿ. ಆಮೇಲೆ, ಗೂಡನ್ನು ಶುಚಿ ಮಾಡಿದ ಮೇಲೆಯೇ, ಒಂದು ಕಡ್ಡಿಗೆ ದಾರ ಕಟ್ಟಿ ಗೂಡಿನ ಬಾಯಿಯ ಬಳಿ ಹಿಡಿದು ಫ್ಯಾನನ್ನು ಒಂದಕ್ಕೆ ಹಾಕಿ. ದಾರ ಒಳಕ್ಕೆ ಎಳೆದರೆ ಫಿಲ್ಟರ್ ಬ್ಲೋವರಿಗಿಂತ ಮೊದಲಿದೆ, ಬಾಣ ಬ್ಲೋವರಿನ ಕಡೆಗೆ ಇರಬೇಕು. ದಾರ ಹೊರಕ್ಕೆ ಹಾರಿದರೆ ಫಿಲ್ಟರ್ ಬ್ಲೋವರಿನ ನಂತರ ಇದೆ, ಬಾಣ ಬ್ಲೋವರಿಗೆ ಬೆನ್ನು ಹಾಕಿರಬೇಕು. ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗರಿಗೆಲ್ಲ ಇದನ್ನು ಮಾಡಿ ತೋರಿಸಿದ್ದೇನೆ. ಯಾವ ಕಾರು ಬಂದರೂ ಕೈಪಿಡಿ ಇಲ್ಲದೆ ಹೇಳಬಹುದು.

ತಿರುಗುಮುರುಗಾದರೆ ಏನಾಗುತ್ತದೆ ಎಂದರೆ, ಒಂದೇ ಪದರದ ಫಿಲ್ಟರಿನಲ್ಲಿ ಅಷ್ಟೇನೂ ಆಗುವುದಿಲ್ಲ. ಆದರೆ ಹಲವು ಪದರಗಳಿರುವುದರಲ್ಲಿ ದಪ್ಪ ಕಸ ಹಿಡಿಯುವ ಸಡಿಲ ಪದರ ಮೊದಲು, ಸಣ್ಣ ಧೂಳು ಹಿಡಿಯುವ ಒತ್ತಾದ ಪದರ ಅದರ ಹಿಂದೆ ಇರುತ್ತದೆ. ತಿರುಗಿಸಿ ಇಟ್ಟರೆ ದಪ್ಪ ಕಸವೆಲ್ಲ ಒತ್ತಾದ ಪದರದ ಮೇಲೆಯೇ ಕೂತು ಬೇಗ ಕಟ್ಟಿಕೊಳ್ಳುತ್ತದೆ.

ಇಲಿಯ ಹಿಕ್ಕೆಗೆ ವ್ಯಾಕ್ಯೂಮ್ ಹಿಡಿಯಲೇಬೇಡಿ, ಬ್ರಷ್ಷಿನಿಂದಲೂ ಗುಡಿಸಬೇಡಿ. ಒಣ ಹಿಕ್ಕೆಯ ಧೂಳು ಗಾಳಿಗೆ ಎದ್ದರೆ ಅದನ್ನು ಉಸಿರಾಡಿದವರಿಗೆ ರೋಗ ಬರುವ ಸಂಭವವಿದೆ, ಹಂಟಾ ವೈರಸ್ ಹರಡುವುದು ಹೀಗೆಯೇ. ಕೈಗವಸು ಮತ್ತು ಮಾಸ್ಕ್ ಹಾಕಿಕೊಳ್ಳಿ. ಬಾಗಿಲುಗಳನ್ನು ತೆರೆದು ಅರ್ಧ ಗಂಟೆ ಬಿಡಿ. ಮನೆಬಳಕೆಯ ಬ್ಲೀಚ್ ದ್ರಾವಣ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ, ಅದರಲ್ಲಿ ಅದ್ದಿದ ಕಾಗದದ ಕರವಸ್ತ್ರವನ್ನು ಹಿಕ್ಕೆಯ ಮೇಲೆ ಹಾಸಿ ಐದು ನಿಮಿಷ ನೆನೆಯಲು ಬಿಡಿ. ಆಮೇಲೆ ಅದೇ ಕಾಗದದಲ್ಲಿ ಮುದುರಿ ತೆಗೆದು ಚೀಲದಲ್ಲಿ ಕಟ್ಟಿ ಬಿಸಾಡಿ. ದ್ರಾವಣವನ್ನು ಗೂಡಿನೊಳಗೆ ಸಿಂಪಡಿಸಬೇಡಿ, ಕೆಳಗೆ ಮೋಟಾರು ಮತ್ತು ಅದರ ತಂತಿಗಳಿವೆ. ಆ ಹಳೆಯ ಫಿಲ್ಟರನ್ನೂ ಕೊಡವಲು ಹೋಗದೆ ಚೀಲದೊಳಗೆ ಕಟ್ಟಿ.

ಇನ್ನೊಂದು ಎಚ್ಚರಿಕೆ. ಗ್ಲೋವ್ ಬಾಕ್ಸ್ ಬಿಚ್ಚಿದ ಜಾಗದಲ್ಲಿ ಹಳದಿ ಹೊದಿಕೆಯ ತಂತಿ ಅಥವಾ ಹಳದಿ ಕನೆಕ್ಟರ್ ಕಂಡರೆ ಮುಟ್ಟಬೇಡಿ. ಅದು ಏರ್‌ಬ್ಯಾಗಿನದು.

ಕೊನೆಗೆ, ಬಾಣಕ್ಕಿಂತಲೂ ಮುಖ್ಯವೆಂದು ನಾನು ಭಾವಿಸುವ ಮಾತು. ಹೊಸದನ್ನು ಹಳೆಯದರ ಪಕ್ಕ ಇಟ್ಟು ಉದ್ದ, ಅಗಲ, ದಪ್ಪ ಮೂರನ್ನೂ ಹೋಲಿಸಿ. ಅಂಚಿನ ಸುತ್ತ ಸ್ಪಂಜಿನ ಪಟ್ಟಿಯಿದ್ದರೆ ಅದು ಎಲ್ಲೂ ಮಡಚಿಕೊಳ್ಳದೆ ಗೂಡಿನ ಗೋಡೆಗೆ ಒತ್ತಿ ಕೂರಬೇಕು. ಗಾಳಿ ಯಾವಾಗಲೂ ಸುಲಭದ ದಾರಿ ಹುಡುಕುತ್ತದೆ. ಪಕ್ಕದಲ್ಲಿ ಬೆರಳು ತೂರುವಷ್ಟು ಸಂದಿಯಿದ್ದರೆ ಅದು ಫಿಲ್ಟರನ್ನು ಬಿಟ್ಟು ಸಂದಿಯಲ್ಲೇ ಹೋಗುತ್ತದೆ, ಎಷ್ಟು ಒಳ್ಳೆಯ ಫಿಲ್ಟರ್ ತಂದಿದ್ದರೂ ನಿಮ್ಮ ತಾಯಿಯವರಿಗೆ ಅದರ ಉಪಯೋಗವಿಲ್ಲ. ನಾನು ನೋಡಿದ ಸರಿಯಿಲ್ಲದ ಕೆಲಸಗಳಲ್ಲಿ ಮುಕ್ಕಾಲು ಪಾಲು ಇದೇ: ಬಾಣ ಸರಿ, ಸಂದಿ ತಪ್ಪು.

ಉತ್ತರ 3

ಇಷ್ಟೆಲ್ಲ ಕಷ್ಟ ಏಕೆ? ನಾನು ನಾಲ್ಕು ವರ್ಷದಿಂದ ಒಂದೇ ಫಿಲ್ಟರನ್ನು ಸೋಪಿನ ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ ಮತ್ತೆ ಹಾಕುತ್ತಿದ್ದೇನೆ. ಗಾಳಿ ಚೆನ್ನಾಗಿಯೇ ಬರುತ್ತದೆ. ಬೇಕಾದರೆ ಟೈರಿಗೆ ಗಾಳಿ ತುಂಬುವಲ್ಲಿ ಜೋರು ಗಾಳಿ ಹಿಡಿದರೂ ಸಾಕು.

ಉತ್ತರ 2ನ್ನು ಬರೆದವರಿಂದ

ಗಾಳಿ ಚೆನ್ನಾಗಿ ಬರುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಶೋಧಿಸಿದ ಗಾಳಿ ಬರುತ್ತಿದೆಯೇ ಎಂಬುದು ಬೇರೆ ಪ್ರಶ್ನೆ. ತೊಳೆದು ಬಳಸಲೆಂದೇ ಮಾಡಿದ ಫಿಲ್ಟರುಗಳಿವೆ, ಅವುಗಳ ಪೊಟ್ಟಣದ ಮೇಲೆ ಹಾಗೆಂದು ಬರೆದಿರುತ್ತದೆ, ಅವನ್ನು ತೊಳೆಯಬಹುದು. ಸಾಮಾನ್ಯವಾಗಿ ಸಿಗುವುದು ಅದಲ್ಲ. ನೋಡಲು ಕಾಗದದಂತಿದ್ದರೂ ಅವುಗಳಲ್ಲಿ ಬಹಳಷ್ಟು ಕೃತಕ ನೂಲಿನ ಹಾಳೆಗಳು. ಆ ನೂಲಿಗೆ ತಯಾರಿಕೆಯಲ್ಲೇ ಸ್ಥಿರ ವಿದ್ಯುದಾವೇಶ ಕೊಟ್ಟಿರುತ್ತಾರೆ. ಬಾಚಣಿಗೆಯಿಂದ ಒಣ ಕೂದಲು ಬಾಚಿ ಕಾಗದದ ಚೂರಿನ ಹತ್ತಿರ ಹಿಡಿದರೆ ಅದು ಬಂದು ಅಂಟಿಕೊಳ್ಳುತ್ತದಲ್ಲ, ಹಾಗೆ ನೂಲುಗಳ ನಡುವಿನ ಸಂದಿಗಿಂತ ಸಣ್ಣದಾದ ಧೂಳನ್ನೂ ಈ ಆವೇಶ ಸೆಳೆದು ಹಿಡಿಯುತ್ತದೆ. ಸೋಪಿನ ನೀರಿಗೆ ಹಾಕಿದರೆ ಆ ಶಕ್ತಿ ಕುಂದುತ್ತದೆ. ಆಮೇಲೆ ಅದು ಎಲೆ ಮತ್ತು ದಪ್ಪ ಮಣ್ಣನ್ನು ಹಿಡಿಯುತ್ತದೆ, ಎದೆಯೊಳಗೆ ಇಳಿಯುವ ಸಣ್ಣ ಧೂಳನ್ನು ಮೊದಲಿನಂತೆ ಹಿಡಿಯುವುದಿಲ್ಲ. ಜೋರು ಗಾಳಿ ಹಿಡಿದರೆ ನೂಲು ಹರಿದು ಕಣ್ಣಿಗೆ ಕಾಣದ ತೂತುಗಳಾಗುತ್ತವೆ. ಗಾಳಿ ಹೆಚ್ಚು ಬರುತ್ತಿದೆ ಎಂದು ನಮಗೆ ಸಮಾಧಾನ, ಅದು ಬರುತ್ತಿರುವುದು ಆ ತೂತುಗಳಿಂದ.

ಆರೋಗ್ಯವಾಗಿರುವವರು ತುರ್ತಿಗೆ ಎಲೆಗಳನ್ನು ಕೊಡವಿ ಇನ್ನೊಂದು ವಾರ ಓಡಿಸಿದರೆ ನಾನು ಬೇಡವೆನ್ನುವುದಿಲ್ಲ. ಆಸ್ತಮಾ ಇರುವವರು ಕೂರುವ ಕಾರಿಗೆ ಇದು ಬೇಡ, ದಯವಿಟ್ಟು.

ಉತ್ತರ 4

ನನಗೇ ಚಿಕ್ಕಂದಿನಿಂದ ಆಸ್ತಮಾ ಇದೆ, ದಿನಾ ಕಾರಿನಲ್ಲೇ ಕೆಲಸಕ್ಕೆ ಹೋಗುತ್ತೇನೆ. ಮೇಲಿನ ಹಿರಿಯರ ಮಾತಿಗೆ ನನ್ನ ಅನುಭವದಿಂದ ಕೆಲವನ್ನು ಸೇರಿಸುತ್ತೇನೆ.

ಬ್ಲೀಚ್ ಬಳಸಿದ ದಿನ ಅಮ್ಮನನ್ನು ಕಾರಿನ ಹತ್ತಿರ ಬಿಡಬೇಡಿ. ಅದರ ಘಾಟು ನಮ್ಮಂಥವರ ಎದೆಯನ್ನು ಹಿಡಿದುಬಿಡುತ್ತದೆ. ಕೆಲಸ ಮುಗಿದ ಮೇಲೆ ಬರಿಯ ನೀರಿನ ಬಟ್ಟೆಯಲ್ಲಿ ಎರಡು ಸಲ ಒರೆಸಿ, ನಾಲ್ಕೂ ಬಾಗಿಲು ತೆರೆದಿಟ್ಟು ಒಂದು ಇಡೀ ದಿನ ಬಿಡಿ. ನಾಡಿದ್ದು ಹೊರಡಬೇಕು ಎಂದಿದ್ದೀರಿ, ಆದ್ದರಿಂದ ಹಿಕ್ಕೆ ತೆಗೆಯುವ ಕೆಲಸವನ್ನು ಇವತ್ತೇ ಮುಗಿಸಿ. ಅದೇ ರೀತಿ ಕಾರಿನೊಳಗೆ ಸುಗಂಧದ ಡಬ್ಬಿ ತೂಗುಹಾಕಿದ್ದರೆ ಮೊದಲು ಅದನ್ನು ತೆಗೆದು ಬಿಸಾಡಿ. ಮುಗ್ಗಲು ವಾಸನೆಯನ್ನು ಸುಗಂಧದಿಂದ ಮುಚ್ಚಲು ಹೋಗಿ ನಾನು ಒಂದು ವರ್ಷ ಕೆಮ್ಮಿದ್ದೇನೆ.

ಇಂಗಾಲ ಇರುವ ಫಿಲ್ಟರ್ ಬೇಕೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹಾಳೆಯ ನಡುವೆ ಕಪ್ಪು ಸಕ್ರಿಯ ಇಂಗಾಲದ ಪುಡಿಯಿರುವ ಫಿಲ್ಟರ್ ಧೂಳಿನ ಜೊತೆಗೆ ವಾಸನೆಯನ್ನೂ ಹೊಗೆಯಲ್ಲಿನ ಕೆಲವು ಅನಿಲಗಳನ್ನೂ ಹಿಡಿಯುತ್ತದೆ. ಲಾರಿಗಳ ಹಿಂದೆ ಹೋಗುವ ದಾರಿ ನಿಮ್ಮದಾದ್ದರಿಂದ ಅದು ನಿಮಗೆ ಒಪ್ಪುತ್ತದೆ. ನಾನು ಅದನ್ನೇ ಹಾಕುತ್ತೇನೆ. ಆದರೆ ಇಂಗಾಲ ಒಂದು ಮಿತಿಯವರೆಗೆ ಹೀರಿ ತುಂಬಿಹೋಗುತ್ತದೆ, ತುಂಬಿದ್ದು ಕಣ್ಣಿಗೆ ಕಾಣುವುದಿಲ್ಲ. ಹಾಳೆ ಸ್ವಚ್ಛವಾಗಿದೆ ಎಂದು ಮುಂದೂಡಬಾರದು. ಇನ್ನೊಂದು ಮಾತು ಬಹಳ ಮುಖ್ಯ: ಕಾರ್ಬನ್ ಮಾನಾಕ್ಸೈಡನ್ನು ಈ ಫಿಲ್ಟರ್ ತಡೆಯುವುದಿಲ್ಲ. ನಿಮ್ಮದೇ ಕಾರಿನ ಹೊಗೆ ಒಳಗೆ ನುಗ್ಗುತ್ತಿದೆ ಎಂಬ ಅನುಮಾನ ಬಂದರೆ ಫಿಲ್ಟರ್ ಬದಲಿಸಿ ಸುಮ್ಮನಾಗಬೇಡಿ, ಹೊಗೆಕೊಳವೆಯನ್ನು ತೋರಿಸಿ.

ಹೊರಗಿನ ಗಾಳಿ, ಒಳಗಿನ ಗಾಳಿ ಬದಲಿಸುವ ಗುಂಡಿಯನ್ನು ಗಮನಿಸಿದ್ದೀರಾ? ಲಾರಿಯ ಹಿಂದೆ ಸಿಕ್ಕಿಕೊಂಡಾಗ ಒಳಗಿನ ಗಾಳಿಯೇ ಸುತ್ತುವಂತೆ ಇಡಿ. ಅನೇಕ ಕಾರುಗಳಲ್ಲಿ ಆಗಲೂ ಗಾಳಿ ಫಿಲ್ಟರಿನ ಮೂಲಕವೇ ಹೋಗುವುದರಿಂದ ಪ್ರತಿ ಸುತ್ತಿಗೂ ಅದು ತಿಳಿಯಾಗುತ್ತದೆ. ಆದರೆ ಮುಕ್ಕಾಲು ಗಂಟೆಯೂ ಹಾಗೇ ಬಿಡಬೇಡಿ. ನಾವು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಒಳಗೆ ಸೇರುತ್ತಾ ಹೋಗಿ ಓಡಿಸುವವರಿಗೆ ತೂಕಡಿಕೆ ಬರುತ್ತದೆ, ಗಾಜು ಮಂಜಾಗುತ್ತದೆ. ಅಮ್ಮನಿಗೆ ಉಸಿರು ಕಟ್ಟಿದಂತಾಗುತ್ತಿರುವುದಕ್ಕೆ ಇದೂ ಕಾರಣವಿರಬಹುದು, ಆ ಗುಂಡಿ ಯಾವಾಗಲೂ ಒಳಗಾಳಿಗೇ ಇದೆಯೇ ನೋಡಿ. ನಾನು ಹೊಗೆ ದಾಟಿದ ಕೂಡಲೇ ಹೊರಗಿನ ಗಾಳಿಗೆ ತಿರುಗಿಸುತ್ತೇನೆ.

ಅಮ್ಮನ ಇನ್‌ಹೇಲರನ್ನು ಕಾರಿನಲ್ಲೇ ಬಿಟ್ಟು ಹೋಗುವ ಅಭ್ಯಾಸವಿದ್ದರೆ ನಿಲ್ಲಿಸಿ. ಬಿಸಿಲಲ್ಲಿ ನಿಂತ ಕಾರಿನ ಕಾವು ಅದಕ್ಕೆ ಆಗುವುದಿಲ್ಲ. ಕೆಮ್ಮು ಹೀಗೆ ಹೆಚ್ಚಾಗಿದೆ ಎಂಬುದನ್ನು ವೈದ್ಯರಿಗೂ ತಿಳಿಸಿ, ಎಲ್ಲವನ್ನೂ ಕಾರಿನ ಮೇಲೆ ಹಾಕಬೇಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಸಾರೆ ಧನ್ಯವಾದ. ಕೆಲಸ ಮುಗಿಯಿತು. ನಡೆದದ್ದನ್ನು ವಿವರವಾಗಿ ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾಗಬಹುದು.

ಮೊದಲು ಹಿಕ್ಕೆ. ಹೇಳಿದಂತೆಯೇ ಮಾಡಿದೆ, ಐದು ನಿಮಿಷವನ್ನು ಗಡಿಯಾರ ನೋಡಿಯೇ ಕಾದೆ. ಮೂಲೆಯ ಕಾಗದ ಎತ್ತಿದಾಗ ಅದರ ಅಡಿಯಲ್ಲಿ ಹತ್ತಿಯಂಥ ಬಿಳಿ ನೂಲಿನ ಉಂಡೆಯೂ ಸಿಕ್ಕಿತು. ಹಳೆಯ ಫಿಲ್ಟರಿನ ಒಂದು ಮೂಲೆಯನ್ನು ಇಲಿ ಕಡಿದು ಗೂಡು ಕಟ್ಟಲು ಹೊರಟಿತ್ತು. ಆ ಮೂಲೆಯಲ್ಲಿ ಎರಡು ನೆರಿಗೆಗಳೇ ಇರಲಿಲ್ಲ, ಮೊದಲು ನೋಡಿದಾಗ ಕೊಳೆಯ ಅಡಿಯಲ್ಲಿ ಅದು ನನಗೆ ಕಂಡಿರಲೇ ಇಲ್ಲ. ಅಂದರೆ ಅಷ್ಟು ಜಾಗದಿಂದ ಗಾಳಿ ಶೋಧನೆಯೇ ಇಲ್ಲದೆ ಅಮ್ಮನ ಮುಖಕ್ಕೆ ಬರುತ್ತಿತ್ತು.

ಬಾಣದ ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಬಾಣದ ಕೆಳಗೆ ಮಾಸಿದ ಎರಡು ಅಕ್ಷರಗಳು ಎದ್ದು ಬಂದವು. 'ಅಪ್'. ಹಾಳೆ ತಿರುಗಿಸಿ ನೋಡಿದರೆ ಎಲೆ, ಗರಿ ಎಲ್ಲ ಮೇಲಿನ ಬದಿಯಲ್ಲಿ, ಕೆಳಬದಿ ತೆಳು ಬೂದು. ಗಾಳಿ ಮೇಲಿನಿಂದ ಕೆಳಕ್ಕೆ. ಆದರೂ ಮನಸ್ಸಿಗೆ ಪೂರ್ತಿ ಸಮಾಧಾನವಾಗಲಿಲ್ಲ ಎಂದು ಬ್ಲೋವರನ್ನೂ ಹುಡುಕಿದೆ. ಟಾರ್ಚ್ ಹಿಡಿದರೆ ಗೂಡಿನ ತಳದಲ್ಲೇ ಚಕ್ರ ಕಂಡಿತು, ಅದರ ಎರಡು ರೆಕ್ಕೆಗಳ ನಡುವೆ ಅಡ್ಡಲಾಗಿ ಒಂದು ಎಲೆಯ ತೊಟ್ಟು. ಟಕಟಕದ ಮೂಲ! ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು, ಚಕ್ರವನ್ನು ಬೆರಳಿನಿಂದ ನಿಧಾನವಾಗಿ ತಿರುಗಿಸಿ ತೊಟ್ಟು ಬಾಯಿಯ ಕಡೆ ಬಂದಾಗ ಉದ್ದನೆಯ ಚಿಮಟದಿಂದ ಎಳೆದೆ. ಕಿರುಬೆರಳಿನಷ್ಟು ಉದ್ದದ ತೊಟ್ಟು ಅಷ್ಟು ದೊಡ್ಡ ಸದ್ದು ಮಾಡುತ್ತಿತ್ತು. ಆಮೇಲೆ ದಾರದ ಪರೀಕ್ಷೆ. ದಾರ ಬಿಗಿಯಾಗಿ ಒಳಕ್ಕೆ ಎಳೆದು ನಿಂತಿತು. ಫಿಲ್ಟರ್ ಬ್ಲೋವರಿಗಿಂತ ಮೊದಲು, ಬಾಣ ಬ್ಲೋವರಿನ ಕಡೆಗೆ, ಅಂದರೆ ಕೆಳಕ್ಕೆ. ಮೂರು ಸಾಕ್ಷಿಗಳೂ ಒಂದೇ ಮಾತು ಹೇಳಿದವು. ಹಳೆಯದನ್ನು ಕೂರಿಸಿದವರು ದಿಕ್ಕಿನಲ್ಲಿ ತಪ್ಪು ಮಾಡಿರಲಿಲ್ಲ, ಅದನ್ನೂ ಹೇಳಿಬಿಡಬೇಕು.

ಹೊಸದು ಅಷ್ಟು ಸುಲಭವಾಗಿ ಹೋಗಲಿಲ್ಲ. ಗೂಡಿನ ಬಾಯಿ ಫಿಲ್ಟರಿಗಿಂತ ತುಸು ಕಿರಿದಾಗಿದೆ. ಮೊದಲ ಸಲ ತಳ್ಳಿದಾಗ ಬಲಬದಿಯ ಸ್ಪಂಜಿನ ಪಟ್ಟಿ ಮಡಚಿಕೊಂಡು ಒಳಗೆ ಸುರುಳಿಯಾಯಿತು. ಕಣ್ಣಿಗೆ ಕಾಣುತ್ತಿರಲಿಲ್ಲ, ಬೆರಳು ಆಡಿಸಿದಾಗ ಗೊತ್ತಾಯಿತು. ಸಂದಿಯ ಮಾತು ಓದಿರದಿದ್ದರೆ ಹಾಗೆಯೇ ಮುಚ್ಚಳ ಹಾಕಿಬಿಡುತ್ತಿದ್ದೆ. ಹೊರಗೆಳೆದು, ಎರಡು ಬದಿಗಳನ್ನು ಅಂಗೈಗಳಿಂದ ಹಗುರವಾಗಿ ಒತ್ತಿ, ನೆರಿಗೆ ಮುರಿಯದಂತೆ ಸ್ವಲ್ಪ ಬಾಗಿಸಿ ಒಳಗೆ ಜಾರಿಸಿದೆ. ಒಳಗೆ ಹೋದ ಮೇಲೆ ಅದು ತಾನಾಗಿ ಅರಳಿಕೊಂಡು ನಾಲ್ಕೂ ಗೋಡೆಗೆ ತಾಗಿತು. ಸುತ್ತ ಬೆರಳು ಆಡಿಸಿದೆ, ಎಲ್ಲೂ ತೂರಲಿಲ್ಲ. ಮುಚ್ಚಳದ ಎರಡು ಕ್ಲಿಪ್ಪುಗಳೂ ಟಕ್ ಎಂದವು. ಹೊಸದರ ಅಂಚಿನಲ್ಲಿ ಕೂರಿಸಿದ ದಿನಾಂಕವನ್ನೂ ಕಾರು ಓಡಿದ ಕಿಲೋಮೀಟರನ್ನೂ ಮಾರ್ಕರ್ ಪೆನ್ನಿನಲ್ಲಿ ಬರೆದೇ ಕೂರಿಸಿದ್ದೇನೆ. ಇನ್ನು ಯಾರ ಬಿಲ್ಲನ್ನೂ ನಂಬಿ ಕೂರಬೇಕಾಗಿಲ್ಲ.

ಗ್ಲೋವ್ ಬಾಕ್ಸ್ ಮತ್ತೆ ಹಾಕುವಾಗ ಒಂದು ತೊಡಕಾಯಿತು. ಅದರ ಬಲಪಕ್ಕದಲ್ಲಿ ಬಾಗಿಲು ದಡಕ್ಕನೆ ಬೀಳದಂತೆ ತಡೆಯುವ ಸಣ್ಣ ದಾರವಿದೆ. ಅದನ್ನು ಮೊದಲು ಕೊಕ್ಕೆಗೆ ಸಿಕ್ಕಿಸದೆ ಪೆಟ್ಟಿಗೆಯನ್ನು ಒಳಗೆ ತಳ್ಳಿದೆ, ಪೂರ್ತಿ ಮತ್ತೆ ಇಳಿಸಬೇಕಾಯಿತು. ಮಾಡುವವರು ದಾರವನ್ನು ಮೊದಲು ಸಿಕ್ಕಿಸಿ, ಆಮೇಲೆ ಎರಡು ಪಕ್ಕಗಳನ್ನು ಒಳಮುಖವಾಗಿ ಒತ್ತಿ ಏರಿಸಿ.

ಒಳಗಾಳಿಯ ಗುಂಡಿಯ ಮಾತು ನಿಜವಾಗಿತ್ತು. ಅದು ಯಾವಾಗಲೂ ಒತ್ತಿಯೇ ಇತ್ತು. ನಾನೇ ಹೊಗೆಗೆ ಹೆದರಿ ತಿಂಗಳುಗಟ್ಟಲೆ ಹಾಗೆ ಬಿಟ್ಟಿದ್ದೆ.

ಈ ಬೆಳಿಗ್ಗೆ ಹೋಗಿ ಬಂದೆವು. ಫ್ಯಾನ್ ಎರಡರಲ್ಲಿತ್ತು, ಗಾಳಿ ಅಮ್ಮನ ಸೆರಗು ಹಾರುವಷ್ಟು ಬಂತು. ಎರಡು ಸಲ ಕೆಮ್ಮಿದರು, ಕಿಟಕಿ ಇಳಿಸು ಎಂದು ಒಂದು ಸಲವೂ ಹೇಳಲಿಲ್ಲ. ವೈದ್ಯರಿಗೂ ವಿಷಯ ತಿಳಿಸಿದ್ದೇವೆ, ಔಷಧಿಯನ್ನು ಮರುಪರಿಶೀಲಿಸುತ್ತೇನೆ ಎಂದಿದ್ದಾರೆ.

ಉಳಿದದ್ದು ಒಂದೇ. ಮುಗ್ಗಲು ವಾಸನೆ ಕಡಿಮೆಯಾಗಿದೆ, ಹೋಗಿಲ್ಲ. ಎ.ಸಿ. ಹಾಕಿದ ಮೊದಲ ಅರ್ಧ ನಿಮಿಷ ಇನ್ನೂ ಬರುತ್ತದೆ.

ಉತ್ತರ 2ನ್ನು ಬರೆದವರಿಂದ

ಓದಿ ಮನಸ್ಸು ತುಂಬಿತು. ಸ್ಪಂಜು ಮಡಚಿದ್ದನ್ನು ಬೆರಳಿನಿಂದ ಕಂಡುಹಿಡಿದಿರಲ್ಲ, ಕೆಲಸ ಗೊತ್ತಾಗುವುದು ಹಾಗೆ.

ಆ ವಾಸನೆ ಫಿಲ್ಟರಿನದಲ್ಲ. ಒಳಗೆ ಗಾಳಿಯನ್ನು ತಂಪು ಮಾಡುವ ಕಾಯಿಲಿನ ಮೇಲೆ ಎ.ಸಿ. ಓಡುವಾಗ ಗಾಳಿಯ ತೇವ ನೀರಾಗಿ ಕೂರುತ್ತದೆ. ಇಳಿಯುವ ಕ್ಷಣದವರೆಗೂ ಎ.ಸಿ. ಓಡಿಸಿ ಹಾಗೇ ನಿಲ್ಲಿಸಿದರೆ ಅದು ಕತ್ತಲಲ್ಲಿ, ಒದ್ದೆಯಾಗಿ, ರಾತ್ರಿಯೆಲ್ಲ ಉಳಿದು ಬೂಷ್ಟು ಹಿಡಿಯುತ್ತದೆ. ಮನೆ ತಲುಪುವ ಮೂರು ನಾಲ್ಕು ನಿಮಿಷ ಮುಂಚೆ ಎ.ಸಿ. ಮಾತ್ರ ನಿಲ್ಲಿಸಿ, ಹೊರಗಿನ ಗಾಳಿಗೆ ಇಟ್ಟು ಫ್ಯಾನ್ ಜೋರು ಮಾಡಿ, ಕಾಯಿಲು ಆರಲಿ. ಎರಡು ಮೂರು ವಾರ ಬಿಡದೆ ಮಾಡಿ ನೋಡಿ.

ಅದರ ಜೊತೆಗೆ, ಸೆಕೆಯ ದಿನ ಎ.ಸಿ. ಹಾಕಿ ಅರ್ಧ ಗಂಟೆ ಓಡಿಸಿದ ಮೇಲೆ ಕಾರಿನ ಅಡಿಯಲ್ಲಿ ನೀರು ತೊಟ್ಟಿಕ್ಕುತ್ತಿದೆಯೇ ನೋಡಿ. ತೊಟ್ಟಿಕ್ಕಬೇಕು. ಇಲ್ಲವಾದರೆ, ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಒದ್ದೆಯಾಗಿದ್ದರೆ, ನೀರು ಹೊರಹೋಗುವ ಕೊಳವೆ ಕಟ್ಟಿದೆ ಎಂದರ್ಥ. ನಿಮ್ಮ ಇಲಿ ಅಲ್ಲೂ ಏನಾದರೂ ತುಂಬಿರಬಹುದು. ಮುಗ್ಗಲಿನ ಬದಲು ಸಿಹಿ ವಾಸನೆ ಬಂದು ಗಾಜಿನ ಒಳಬದಿಗೆ ಜಿಡ್ಡು ಕಟ್ಟಿದರೆ ಅದು ಹೀಟರಿನಿಂದ ಕೂಲಂಟ್ (ಎಂಜಿನ್ ತಂಪು ಮಾಡುವ ದ್ರವ) ಸೋರುವ ಲಕ್ಷಣ, ಅದಕ್ಕೆ ಮೆಕ್ಯಾನಿಕ್ ಬೇಕೇ ಬೇಕು.

ಮುಂದಿನ ಫಿಲ್ಟರಿಗೆ ಕೈಪಿಡಿಯಲ್ಲಿ ಹೇಳಿದ ಅವಧಿಯನ್ನು ನೋಡಿಕೊಳ್ಳಿ. ಸಾಮಾನ್ಯವಾಗಿ 15,000ದಿಂದ 20,000 ಕಿಲೋಮೀಟರ್ ಅಥವಾ ವರ್ಷಕ್ಕೊಮ್ಮೆ. ಧೂಳಿನ ದಾರಿಯಾದರೆ, ಅಮ್ಮನ ಸಲುವಾಗಿ, ಆರು ತಿಂಗಳಿಗೊಮ್ಮೆ ತೆರೆದು ನೋಡಿ. ಈಗ ಅದು ನಿಮಗೆ ಹತ್ತು ನಿಮಿಷದ ಕೆಲಸ.

ಪ್ರಶ್ನೆ ಕೇಳಿದವರಿಂದ

ಎರಡು ವಾರದ ನಂತರ ಬರೆಯುತ್ತಿದ್ದೇನೆ. ನೀರು ತೊಟ್ಟಿಕ್ಕುತ್ತಿದೆ, ಕಾರ್ಪೆಟ್ ಒಣಗಿದೆ, ಕೊಳವೆ ಸರಿಯಿದೆ. ವಾಸನೆ ಈಗ ನನಗೆ ಗೊತ್ತಾಗುತ್ತಿಲ್ಲ, ಅಮ್ಮನಿಗೆ ಮೊದಲ ಒಂದು ಕ್ಷಣ ಮಾತ್ರ ಗೊತ್ತಾಗುತ್ತದಂತೆ. ಎ.ಸಿ. ನಿಲ್ಲಿಸುವ ಕೆಲಸವನ್ನು ಅವರೇ ವಹಿಸಿಕೊಂಡಿದ್ದಾರೆ. ಮನೆಯ ತಿರುವಿಗೆ ಮುಂಚಿನ ದೊಡ್ಡ ಮರ ಕಂಡ ಕೂಡಲೇ ಅವರ ಕೈ ಗುಂಡಿಗೆ ಹೋಗುತ್ತದೆ.